ಗದ್ದೆಮ್ಮ ಕಟ್ಟಿದ ಠೇವಣಿ

ಹಂಪರದಿನ್ನಿಯ ಕೆಳಗಿನ ಓಣಿಗೆ ಗ್ರಾಮ ಪಂಚಾಯ್ತಿ ಮೆಂಬರ್ ಒಬ್ಬರು ಯಾವಾಗಲೂ ಇದ್ದಾರೆ. ಆದರೆ ಅವರನ್ನು ಆರಿಸಲು ಓಣಿಯವರು ವೋಟು ಹಾಕಿದ್ದು ಯಾರಿಗೂ ನೆನಪಿಲ್ಲ. ಎಮ್ಮೆಲ್ಲೆ ಎಲೆಕ್ಷನ್ ಬಂದರೆ ದೇವದುರ್ಗದಿಂದ ಜೀಪು ಬರುತ್ತವೆ, ಮೈಕು ಕೂಗುತ್ತವೆ, ಜನ ಸಾಲು ಹಚ್ಚಿ ವೋಟು ಹಾಕುತ್ತಾರೆ. ಪಂಚಾಯ್ತಿಗೆ ಮಾತ್ರ ಆ ಗೊಡವೆಯೇ ಇಲ್ಲ. ಊರ ಹಿರಿಯರು ಸುಂಕ್ಲಮ್ಮನ ಗುಡಿ ಮುಂದೆ ಕೂತು, ದೇವಿಗೆ ಉಡಿಸಿದ ಸೀರೆಯನ್ನು ಸವಾಲಿಗೆ ಹಾಕಿದ ಹಾಗೆಯೇ ಸೀಟನ್ನೂ ಸವಾಲಿಗೆ ಹಾಕುತ್ತಾರೆ. ಹೆಚ್ಚು ಕೂಗಿದವರ ಮನೆಗೆ ಸೀಟು, ರೊಕ್ಕ ಗುಡಿಗೆ. ಬೇರೆ ಯಾರೂ ಅರ್ಜಿ ಹಾಕುವಂತಿಲ್ಲ. ಕಾನೂನಿನಲ್ಲಿ ಇದು ತಪ್ಪು ಅಂತ ಎಲ್ಲರಿಗೂ ಗೊತ್ತು. ಗುಡಿ ಎಲ್ಲರದಾದ್ದರಿಂದ ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೆ.

ಈ ಸಲ ಸೀಟು ಪರಿಶಿಷ್ಟ ಪಂಗಡದ ಹೆಣ್ಣುಮಕ್ಕಳಿಗೆ ಬಂದಿತ್ತು. ಗುತ್ತಿಗೆದಾರ ಮೌನಪ್ಪ ತನ್ನ ಹೆಂಡತಿ ಹುಲಿಗೆಮ್ಮನ ಹೆಸರಿಗೆ ಮೂರು ಲಕ್ಷದ ಅರವತ್ತು ಸಾವಿರಕ್ಕೆ ಸವಾಲು ಹಿಡಿದ. ಗುಡಿಯ ಛತ್ತು ಅರ್ಧಕ್ಕೆ ನಿಂತು ಸರಳುಗಳು ಆಕಾಶ ನೋಡುತ್ತಿದ್ದವು. ಇನ್ನೇನು ಮುಗಿದ ಹಾಗೆಯೇ ಎಂದು ಗುಡಿ ಕಮಿಟಿಯ ಸಿದ್ದರಾಮಪ್ಪ ಕೂತವರಿಗೆಲ್ಲ ಸಕ್ಕರೆ ಹಂಚಿದ.

ಒಂದು ತೊಡಕಿತ್ತು. ಹಿಂದಿನ ಸಲ ಮೇಲಿನ ಓಣಿಯಲ್ಲಿ ಸವಾಲು ಹಿಡಿದವನ ಅರ್ಜಿ ಯಾವುದೋ ಸರ್ಟಿಫಿಕೇಟಿನ ತಕರಾರಿಗೆ ಬಿದ್ದುಹೋಗಿ, ಸೀಟು ಖಾಲಿ ಉಳಿದು, ಕೊಟ್ಟ ರೊಕ್ಕಕ್ಕಾಗಿ ಗುಡಿ ಮುಂದೆಯೇ ಕೈ ಕೈ ಮಿಲಾಯಿಸಿದ್ದರು. ಅಂದಿನಿಂದ ಹಿರಿಯರು ಹುಷಾರಾಗಿದ್ದಾರೆ. ಜೋಡಿಗೆ ಇನ್ನೊಂದು ಬದಲಿ ಅರ್ಜಿ ಹಾಕಿಸಿಡುವುದು, ಮೊದಲನೆಯದು ಪಾಸಾದರೆ ಎರಡನೆಯದನ್ನು ಹಿಂದಕ್ಕೆ ತೆಗೆಸುವುದು. ಬದಲಿಗೆ ಬೇಕಾದದ್ದು ತಂಟೆ ತಕರಾರಿಲ್ಲದ ಒಬ್ಬ ಹೆಣ್ಣುಮಗಳು.

"ಯವ್ವಾ, ನಾಳಿ ಒಂದೀಟು ಪಂಚಾಯ್ತಿ ಆಫೀಸಿಗೆ ಬರಬೇಕು ನೀ," ಎಂದ ವೆಂಕಣ್ಣ, ಉಣ್ಣಲು ಕೂತವನು.

ಗದ್ದೆಮ್ಮ ಒಲೆಯ ಪಕ್ಕ ಕೂತು ಪುಂಡಿಪಲ್ಯ ಬಡಿಸುತ್ತಿದ್ದಳು. "ಯಾಕ? ನನ್ನ ಪಿಂಚಣಿ ನಿಂತತೇನು?"

"ಪಿಂಚಣಿ ಅಲ್ಲಬೇ. ಎಲೆಕ್ಷನ್‌ಗೆ ನಿಂದರಬೇಕು."

ರೊಟ್ಟಿ ಬಡಿಯುತ್ತಿದ್ದ ಸೊಸೆ ದುರ್ಗಾದೇವಿಯ ಕೈ ನಿಂತಿತು. ಅವಳು ಗದ್ದೆಮ್ಮನ ಸ್ವಂತ ಅಣ್ಣನ ಮಗಳು. ಹಾಗಾಗಿ ಆ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಮಾತಿಗೆ ಬೇಲಿ ಇರಲಿಲ್ಲ.

"ಸುಮ್ನ ಹೆಸರಿಗೆ," ವೆಂಕಣ್ಣ ವಿವರಿಸಿದ. "ಹುಲಿಗೆಮ್ಮಂದು ಅರ್ಜಿ ಬಿದ್ದೀತಂತ ನಿಂದೊಂದು ಇರ್ಲಿ ಅಂತಾರ. ಆಕಿದು ಪಾಸಾದ್ರ ನೀ ಹಿಂದ ತೊಗೊಂಡ್ರಾತು."

"ಊರಾಗ ಇಷ್ಟು ಮಂದಿ ಇದ್ದಾರ. ನನ್ನೇ ಯಾಕ ಹುಡುಕಿದ್ರು?"

"ನಿನ್ನ ಜಾತಿ ಸರ್ಟಿಫಿಕೇಟು ತಯಾರ ಅದ. ಮತ್ತ ನೀ ಯಾರ ಉಸಾಬರಿಗೂ ಹೋಗಾಕಿ ಅಲ್ಲ ಅಂತ ಸಿದ್ದರಾಮಪ್ಪ ಅಂದ."

"ಬಾಯಿಲ್ಲದಾಕಿ ಅಂದಾನ ಅನ್ನು," ಎಂದಳು ದುರ್ಗಾದೇವಿ.

"ನೀ ಸುಮ್ಕಿರು. ನಮ್ಮ ದುರುಗೇಶಗ ಊರಾಗ ನೀರು ಬಿಡೋ ನೌಕರಿ ಕೊಡಸ್ತೀನಿ ಅಂತ ಮೌನಪ್ಪಣ್ಣ ಮಾತು ಕೊಟ್ಟಾನ. ಆ ಕವಿತಾಳದವರು ಏನಂದಾರ? ಹುಡುಗ ಪಂಚಾಯ್ತಿ ನೌಕರಿ ಹಿಡಿದ್ರ ಹೆಣ್ಣು ಕೊಡ್ತೀವಿ ಅಂದಾರ."

ದುರುಗೇಶ ಗದ್ದೆಮ್ಮನ ಕಿರಿಯ ಮಗ. ಶಕ್ತಿನಗರದಲ್ಲಿ ಗುತ್ತಿಗೆ ಕೆಲಸ, ಬೂದಿ ತುಂಬುವ ಲಾರಿಗಳ ಹತ್ತಿರ. ರಾಯಚೂರಿನಲ್ಲಿ ನಾಲ್ಕು ಜನ ಸೇರಿ ಒಂದು ರೂಮು ಹಿಡಿದಿದ್ದರು. ಅವನ ಹೆಸರು ಬಂದ ಮೇಲೆ ಗದ್ದೆಮ್ಮ ಇನ್ನೇನೂ ಕೇಳಲಿಲ್ಲ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು ಹೊರಟಳು.

ಪಂಚಾಯ್ತಿ ಆಫೀಸಿನಲ್ಲಿ ರಾಯಚೂರು ಕಡೆಯ ಒಬ್ಬ ಕಾಲೇಜು ಮೇಷ್ಟ್ರು ಚುನಾವಣಾಧಿಕಾರಿ ಆಗಿ ಕೂತಿದ್ದರು. ಹುಲಿಗೆಮ್ಮನದು ಮೊದಲು ಆಯಿತು, ನಂತರ ಗದ್ದೆಮ್ಮನದು. ಹೆಬ್ಬೆಟ್ಟು ಒತ್ತಿ ಆದ ಮೇಲೆ ಅಧಿಕಾರಿ, "ಠೇವಣಿ ನೂರು ರೂಪಾಯಿ ಕೊಡಿ" ಎಂದರು.

ಮೌನಪ್ಪ ಜೇಬು ತಡಕಿದ. ತನ್ನ ಹೆಂಡತಿಯದಕ್ಕೆ ಇದ್ದ ಒಂದು ನೂರರ ನೋಟು ಆಗಲೇ ಕೊಟ್ಟಿದ್ದ. "ಫೋನ್ ಪೇ ಮಾಡ್ತೀನಿ ಬಿಡ್ರಿ ಸರ."

"ಇಲ್ಲಿ ಅದೆಲ್ಲ ನಡೆಯೋದಿಲ್ಲ. ನಗದು ಕೊಡಿ."

ಸಿದ್ದರಾಮಪ್ಪ ಐನೂರರ ನೋಟು ತೆಗೆದ. ಚಿಲ್ಲರೆ ಇಲ್ಲ ಎಂದರು. ಸವಾಲಿನಲ್ಲಿ ಲಕ್ಷ ಲಕ್ಷ ಕೂಗಿದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಬೇರೆಯವರು ಸಾಲಿನಲ್ಲಿ ಕಾಯುತ್ತಿದ್ದರು. ಗದ್ದೆಮ್ಮ ಸೊಂಟದ ಎಲೆ ಸಂಚಿ ಬಿಚ್ಚಿ, ಅಡಿಕೆ ಹೋಳಿನ ಕೆಳಗೆ ಮಡಿಚಿಟ್ಟಿದ್ದ ನೂರರ ನೋಟು ತೆಗೆದು ಮೇಜಿನ ಮೇಲಿಟ್ಟಳು. ಪರರ ಹೊಲದಲ್ಲಿ ಹತ್ತಿ ಬಿಡಿಸಿ ಬಂದ ಕೂಲಿ ಅದು.

"ಆಮ್ಯಾಲೆ ಕೊಡ್ತೀನಿ ದೊಡ್ಡವ್ವ," ಎಂದ ಮೌನಪ್ಪ.

ಹೊರಗೆ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಾ ಆಯಿತು. ಅದರ ರೊಕ್ಕವನ್ನು ಮೌನಪ್ಪ ಫೋನಿನಲ್ಲೇ ಕೊಟ್ಟ. ನೂರು ರೂಪಾಯಿ ಮಾತ್ರ ಯಾರಿಗೂ ನೆನಪಾಗಲಿಲ್ಲ.

ಮರುದಿನ ಅರ್ಜಿಗಳ ಪರಿಶೀಲನೆ ನಡೆದು ಎರಡೂ ಪಾಸಾದವು. ಗದ್ದೆಮ್ಮ ಮಗನಿಗೆ ಹೇಳಿದಳು, "ಆ ನನ್ನ ನೂರು ಕೇಳ್ಕೊಂಡು ಬಾ."

"ನೂರು ರೂಪಾಯಿ ಸಲುವಾಗಿ ಅವನ ಮನಿ ಬಾಗಿಲು ಬಡೀಲೇನು? ಮರ್ಯಾದಿ ಬ್ಯಾಡೇನು ನನಗ?"

"ಇಡೀ ದಿನ ಬಗ್ಗಿ ಹತ್ತಿ ಬಿಡಿಸಿದ್ರ ಅದು ಮರ್ಯಾದಿ ಅಲ್ಲೇನು?"

"ನಾ ಕೊಡ್ತೀನಿ ತೊಗೊ," ವೆಂಕಣ್ಣ ಜೇಬಿಗೆ ಕೈ ಹಾಕಿದ.

"ನಿನ್ನ ರೊಕ್ಕ ನನಗ್ಯಾಕ? ಬಾಕಿದಾರ ಅವ."

ಅವಳೇ ಹೋದಳು. ಮೌನಪ್ಪನ ಮನೆ ಮೇಲಿನ ಓಣಿಯಲ್ಲಿ, ಎರಡು ಅಂತಸ್ತು, ಮುಂದೆ ಕಬ್ಬಿಣದ ಗೇಟು. ಹುಲಿಗೆಮ್ಮ ಬಾಗಿಲಿಗೆ ಬಂದು, "ಅವರು ದೇವದುರ್ಗಕ್ಕ ಹೋಗ್ಯಾರ, ಸಂಜಿಗಿ ಬಾ" ಎಂದಳು. ಸಂಜೆ ಹೋದರೆ ಮೌನಪ್ಪ ನಾಲ್ಕು ಜನರನ್ನು ಕೂಡಿಸಿಕೊಂಡು ಉಣ್ಣುತ್ತಿದ್ದ. ಗೇಟಿನ ಹೊರಗೆ ನಿಂತವಳನ್ನು ನೋಡಿದ, ಬಾ ಅನ್ನಲಿಲ್ಲ, ಕೂಡು ಅನ್ನಲಿಲ್ಲ. "ಏನ್ ದೊಡ್ಡವ್ವ, ನೂರು ರೂಪಾಯಿಗೆ ಊರೆಲ್ಲಾ ಸುತ್ತಾಕತ್ತಿಯಲ್ಲ! ವೆಂಕಣ್ಣನ ಕೈಯಾಗ ಕೊಡ್ತೀನಿ ಹೋಗು." ಉಣ್ಣುತ್ತಿದ್ದವರು ನಕ್ಕರು.

ಗದ್ದೆಮ್ಮನಿಗೆ ಕಿವಿಯೆಲ್ಲ ಬಿಸಿಯಾಯಿತು. ಕೆಳಗಿನ ಓಣಿಗೆ ಬರುವಾಗ ಎಂದಿನಂತೆ ಸೀರೆ ಎತ್ತಿ ಹಿಡಿದು ನಡೆದಳು. ಮೇಲಿನ ಓಣಿಯ ಬಚ್ಚಲ ನೀರೆಲ್ಲ ಹರಿದು ಬಂದು ಅವಳ ಮನೆಯ ಮುಂದೆಯೇ ನಿಲ್ಲುತ್ತದೆ. ಗಟಾರ ತೋಡಿಸಿರಿ ಎಂದು ಎಷ್ಟೋ ಸಲ ವೆಂಕಣ್ಣನ ಕೈಲಿ ಹೇಳಿಸಿದ್ದಳು. ಮೆಂಬರ್ ಆದವರು ಗುಡಿಗೆ ರೊಕ್ಕ ಕೊಟ್ಟು ಆದವರು, ಈ ಓಣಿಯ ಋಣ ಅವರಿಗೆ ಎಲ್ಲಿಯದು? ಒಲೆಯ ಬೂದಿ ತಂದು ಹೊಸ್ತಿಲ ಮುಂದೆ ಚೆಲ್ಲಿ ಒಳಗೆ ಹೋದಳು.

"ಕೊಟ್ಟನೇನು ಅತ್ತಿ?" ಎಂದಳು ದುರ್ಗಾದೇವಿ.

"ಇಲ್ಲ."

"ಮತ್ತೀಗ?"

"ನನ್ನ ರೊಕ್ಕ, ನನ್ನ ಅರ್ಜಿ. ನಾ ಯಾಕ ಹಿಂದ ತೊಗೋಲಿ?"

ದುರ್ಗಾದೇವಿ ನಕ್ಕುಬಿಟ್ಟಳು. ಆಮೇಲೆ ಅತ್ತೆಯ ಮುಖ ನೋಡಿ ನಗು ನಿಲ್ಲಿಸಿದಳು.

ಅರ್ಜಿ ಹಿಂದಕ್ಕೆ ತೆಗೆಯಲು ಗಡುವು ಮಧ್ಯಾಹ್ನ ಮೂರು ಗಂಟೆ. ಆ ದಿನ ಬೆಳಿಗ್ಗೆ ಸಿದ್ದರಾಮಪ್ಪ ತಾನೇ ಕರೆಯಲು ಬಂದ, ಕೈಯಲ್ಲಿ ನೂರರ ನೋಟು ಹಿಡಿದೇ ಬಂದಿದ್ದ. ಮನೆಯಲ್ಲಿ ಗದ್ದೆಮ್ಮ ಇರಲಿಲ್ಲ. ಆಧಾರ್ ಕಾರ್ಡು ಸಂಚಿಗೆ ಹಾಕಿಕೊಂಡು ನಸುಕಿನ ಬಸ್ಸಿಗೇ ಮಾನ್ವಿಗೆ, ಮಗಳು ರಾಧಾಳ ಮನೆಗೆ ಹೋಗಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಅವಳು ಯಾರನ್ನೂ ಕೇಳಿ ಹೋಗುವ ಪ್ರಮೇಯವೇ ಇಲ್ಲ.

ವೆಂಕಣ್ಣ ಓಡಿ ಹೋಗಿ ಅಧಿಕಾರಿಯನ್ನು ಕೇಳಿದ, "ನಾ ಮಗ ಅದೀನ್ರಿ ಸರ, ನಾ ಸಹಿ ಮಾಡಿದ್ರ ನಡೀತದೇನು?"

"ನಡೆಯೋದಿಲ್ಲ. ಅವರೇ ಬರಬೇಕು, ಇಲ್ಲ ಬರೆದು ಹೆಬ್ಬೆಟ್ಟು ಒತ್ತಿ ಕಳಿಸಬೇಕು."

ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ. "ನಿನಗ ಗೊತ್ತಿತ್ತು. ನೀನೇ ತಲಿ ತುಂಬೀದಿ."

"ನಿಮ್ಮವ್ವನ ತಲಿಗೆ ನಾ ತುಂಬೋದೇನದ? ನೂರು ರೂಪಾಯಿ ತಂದು ಕೊಟ್ಟಿದ್ರ ಈ ಹೊತ್ತು ಇಲ್ಲೇ ಕುಂತು ಕಾಳು ಹಸನು ಮಾಡ್ತಿದ್ಲು."

"ದುರುಗೇಶನ ನೌಕರಿ ಮಣ್ಣಾತು!"

"ಅದನ್ನ ದುರುಗೇಶಗ ಹೇಳ್ರಿ."

ಅವನಿಗೆ ಫೋನ್ ಮಾಡಿದ. ದುರುಗೇಶ ಆ ಹೊತ್ತಿಗೆ ರಾತ್ರಿ ಪಾಳಿ ಮುಗಿಸಿ ರಾಯಚೂರಿನ ರೂಮಿಗೆ ಬಂದು ಮಲಗುವುದರಲ್ಲಿದ್ದ. "ನಿನ್ನ ಮಾತು ಕೇಳ್ತಾಳ ಆಕಿ. ಹ್ಯಾಂಗರ ಮಾಡಿ ಹನ್ನೆರಡರ ಬಸ್ಸಿಗೆ ಕೂಡಿಸ್ಕೊಂಡು ಬಾ, ಮೂರರೊಳಗ ಮುಟ್ಟತೀರಿ" ಎಂದು ಅಣ್ಣ ಅಂದ. ಬೂದಿ ಮೆತ್ತಿದ ಅಂಗಿಯಲ್ಲೇ ದುರುಗೇಶ ಮಾನ್ವಿ ಬಸ್ಸು ಹತ್ತಿದ.

ರಾಧಾಳ ಮನೆ ಮಾನ್ವಿ ಬಸ್‌ಸ್ಟ್ಯಾಂಡಿನಿಂದ ದೂರವೇನಿಲ್ಲ. ಗಂಡ ಅಕ್ಕಿ ಮಿಲ್ಲಿಗೆ ಹೋಗಿದ್ದ. ತಾಯಿ ಮಗಳು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು.

"ಬಾರಲೇ ತಮ್ಮಾ, ನಿನ್ನೇ ಕಾಯಾಕತ್ತಿದ್ವಿ," ಎಂದಳು ರಾಧಾ. "ಮುಖ ತೊಳಕೋ, ಉಣ್ಣು ಮೊದಲ."

"ಉಣ್ಣಾಕ ಟೈಮಿಲ್ಲಕ್ಕ. ಯವ್ವಾ, ಏನಿದು? ಊರೆಲ್ಲಾ ನಮ್ಮ ಮನಿ ಮುಂದ ನಿಂತದಂತ."

"ನಿಂದರ್ಲಿ. ಹೊಲಸು ನೀರಾಗ ಎಷ್ಟೊತ್ತು ನಿಂದರ್ತಾರ ನೋಡೋಣ," ಎಂದಳು ಗದ್ದೆಮ್ಮ.

"ಇದು ಮಸ್ಕಿರಿ ಅಲ್ಲಬೇ. ಸವಾಲು ಹಿಡಿದಾನ ಅವ. ನೀನೇನು ಗೆಲ್ಲಾಕಿ?"

"ಗೆಲ್ಲಾಕ ಯಾವಳು ಹೊಂಟಾಳ?" ಗದ್ದೆಮ್ಮ ಶೇಂಗಾ ಬುಟ್ಟಿ ಪಕ್ಕಕ್ಕಿಟ್ಟಳು. "ನನಗ ಅರವತ್ತು ದಾಟ್ಯಾವ. ಈ ರಾಧಾನ್ನ ಕೇಳು, ಮಾನ್ವ್ಯಾಗ ಎಲೆಕ್ಷನ್ ಬಂದ್ರ ಬಾಗಿಲಿಗೆ ಬಂದು ಕಾಲು ಬೀಳ್ತಾರಂತ. ನನ್ನ ಬಾಗಿಲಿಗೆ ಪಂಚಾಯ್ತಿಗಂತ ಬಂದು, ಯವ್ವಾ ನಿನ್ನದೊಂದು ವೋಟು ಹಾಕು ಅಂತ ಇವತ್ತಿನ ತನಕ ಯಾವ ಗಂಡಸೂ ಕೇಳಿಲ್ಲ. ಕೇಳೋ ಗರಜೇ ಬಿದ್ದಿಲ್ಲ ಅವರಿಗೆ. ಒಮ್ಮೆರ ಬಂದು ಕೇಳ್ಲಿ. ಅಷ್ಟು ಆದ್ರ ಸಾಕು ನನಗ."

ದುರುಗೇಶ ಗೋಡೆಗೆ ಒರಗಿದ. ಸಿಟ್ಟು ಬಂದಿತ್ತು, ನಿದ್ದೆಯೂ ಬಂದಿತ್ತು. "ಕವಿತಾಳದವರು ಹೆಣ್ಣು ಕೊಡಂಗಿಲ್ಲ ಯವ್ವಾ. ಗೊತ್ತದಿಲ್ಲೋ ನಿನಗ?"

ಗದ್ದೆಮ್ಮ ಅವನ ಅಂಗಿಗೆ ಮೆತ್ತಿದ ಬೂದಿ ಕೊಡವಿದಳು. "ಅದಕ್ಕೇ ನಿನ್ನ ದಾರಿ ನೋಡಾಕತ್ತಿದ್ದೆ. ನೀ ಹೇಳು. ನೀ ನಡಿ ಅಂದ್ರ ಈಗಿಂದೀಗ ಎದ್ದು ಬರ್ತೀನಿ. ಅಣ್ಣ ಅಂದ್ರ ಬರಂಗಿಲ್ಲ."

ರಾಧಾ ಬಾಯಿ ಹಾಕಿದಳು. "ಅಲ್ಲಲೇ, ಮೌನಪ್ಪ ನಿನಗ ಬಾಯಿಬಿಟ್ಟು ಹೇಳ್ಯಾನೇನು, ನೌಕರಿ ಕೊಡಸ್ತೀನಂತ?"

"ಅಣ್ಣಗ ಹೇಳ್ಯಾನ."

"ನಿನಗ ಹೇಳ್ಯಾನೇನು ಅಂದೆ."

ದುರುಗೇಶ ಫೋನ್ ತೆಗೆದು ಮೌನಪ್ಪನಿಗೆ ಹಚ್ಚಿದ, ಎಲ್ಲರಿಗೂ ಕೇಳುವ ಹಾಗೆ. "ಮೌನಪ್ಪಣ್ಣ, ನಾ ದುರುಗೇಶ. ಅವ್ವನ್ನ ಕರ್ಕೊಂಡು ಬರಾಕತ್ತೀನಿ. ನೀರು ಬಿಡೋ ನೌಕರಿ ಪಕ್ಕಾ ಅಲ್ಲಣ್ಣ?"

"ಮೊದಲ ಕರ್ಕೊಂಡು ಬಾರಲೇ. ನೌಕರಿದು ಆಮ್ಯಾಲೆ ನೋಡೋಣಂತ."

"ನೋಡೋಣ ಅಂದ್ರ?"

"ನೋಡೋಣ ಅಂದ್ರ ನೋಡೋಣ. ಅದಕ್ಕೇನು ನಾನೊಬ್ಬನೇ ಹೇಳಿದ್ರ ಆಗ್ತದೇನು? ನೀ ಬಸ್ ಹತ್ತು ಮೊದಲ." ಫೋನ್ ಇಟ್ಟ.

ರಾಧಾ ಒಳಗೆ ಹೋಗಿ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಬ್ಯಾಳಿ, ಶೇಂಗಾ ಹಿಂಡಿ. ದುರುಗೇಶ ಕೈ ತೊಳೆದು ಕೂತ. ಒಂದು ರೊಟ್ಟಿ ಮುಗಿಸುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಹನ್ನೆರಡರ ಬಸ್ಸಿನ ಹಾರನ್ ಕೇಳಿಸಿತು. ಗದ್ದೆಮ್ಮ ಸಂಚಿ ಹಿಡಿದುಕೊಂಡು ಎದ್ದು ನಿಂತಳು, ಮಗನ ಮುಖ ನೋಡಿದಳು.

"ಇನ್ನೊಂದು ರೊಟ್ಟಿ ಹಾಕಕ್ಕ," ಎಂದ ದುರುಗೇಶ. "ಕುಂದ್ರಬೇ ಯವ್ವಾ. ಎಲ್ಲಿಗಿ ಹೋಗ್ತಿ?"

ಅವನು ಹೊಟ್ಟೆ ತುಂಬ ಉಂಡು, ಅಲ್ಲೇ ಚಾಪೆಯ ಮೇಲೆ ಸಂಜೆಯ ತನಕ ಮಲಗಿದ. ಅಣ್ಣನ ಫೋನು ಬಂದಾಗಲೆಲ್ಲ ರಾಧಾ ಅದರ ಬಾಯಿ ಮುಚ್ಚಿಸಿದಳು.

ಊರಿನಲ್ಲಿ ಆದದ್ದು ಇಷ್ಟು. ಮೌನಪ್ಪ ಗುಡಿ ಕಮಿಟಿಗೆ ಕೈ ಎತ್ತಿದ. "ನಾ ಕೂಗಿದ್ದು ಅವಿರೋಧಕ್ಕ. ವಿರೋಧ ಇದ್ದ ಮ್ಯಾಲೆ ಯಾವ ರೊಕ್ಕ?" ಎಂದ. ಛತ್ತಿನ ಸರಳು ಹಾಗೆಯೇ ಉಳಿದವು. ಸಿದ್ದರಾಮಪ್ಪ ಕೆಳಗಿನ ಓಣಿಗೆ ಬಂದು, "ದೇವಿ ಮನಿ ಮುರಿದಿ ಗದ್ದೆಮ್ಮ, ಆಕಿ ನೋಡ್ಕೊಂತಾಳ ನಿನ್ನ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

"ದೇವಿ ಸೀಟು ಮಾರು ಅಂದಿದ್ಲೇನು ನಿನಗ?" ಒಳಗಿನಿಂದಲೇ ಕೂಗಿದವಳು ದುರ್ಗಾದೇವಿ. ವೆಂಕಣ್ಣ ಅವಳ ಬಾಯಿಗೆ ಕೈ ಅಡ್ಡ ಹಿಡಿಯಲು ಹೋಗಿ ಬೈಸಿಕೊಂಡ.

ಹತ್ತಿ ಬಿಡಿಸುವ ಕಾಲ. ಆ ಓಣಿಯಲ್ಲಿ ಮುಯ್ಯಿಗೆ ಬಿಡಿಸುವುದು ರೂಢಿ. ಇವತ್ತು ನಿಮ್ಮ ಹೊಲಕ್ಕೆ ನಾವೆಲ್ಲ, ನಾಳೆ ನಮ್ಮ ಹೊಲಕ್ಕೆ ನೀವೆಲ್ಲ. ವೆಂಕಣ್ಣನ ಹೊಲದ ಸರದಿ ಬಂದಾಗ ಒಬ್ಬರೂ ಬರಲಿಲ್ಲ. ದುರ್ಗಾದೇವಿ ಹಿಂದಿನ ವಾರವೆಲ್ಲ ಅವರಿವರ ಹೊಲದಲ್ಲಿ ಬಗ್ಗಿ ಬಿಡಿಸಿ ಬಂದಿದ್ದಳು. ಈಗ ಅತ್ತೆ ಸೊಸೆ ಇಬ್ಬರೇ ಸಾಲು ಹಿಡಿದರು.

"ಯವ್ವನ ಹಟಕ್ಕ ಹತ್ತಿ ಗಾಳಿ ಪಾಲಾತು," ಎಂದು ವೆಂಕಣ್ಣ ಬದುವಿನ ಮೇಲೆ ನಿಂತು ಗೊಣಗಿದ.

"ನೀವೂ ಬಗ್ಗಿದ್ರ ಅಷ್ಟರ ಉಳೀತದ," ಎಂದಳು ದುರ್ಗಾದೇವಿ. ಅಲ್ಲಿಯ ತನಕ ಹತ್ತಿ ಬಿಡಿಸುವುದು ಹೆಂಗಸರ ಕೆಲಸ ಎಂದು ನಂಬಿದ್ದ ವೆಂಕಣ್ಣ ಉಡಿ ಕಟ್ಟಿ ಸಾಲಿಗೆ ಇಳಿದ. ಸೊಂಟ ಹಿಡಿದುಕೊಂಡು ಮೂರು ದಿನ ನರಳಿದ.

ಕವಿತಾಳದಿಂದ ಸುದ್ದಿ ಬಂತು. ಹುಡುಗಿಗೆ ಲಿಂಗಸೂಗೂರು ಕಡೆ ಗಂಡು ಗೊತ್ತಾಯಿತಂತೆ. ಗದ್ದೆಮ್ಮ ಆ ರಾತ್ರಿ ಉಣ್ಣಲಿಲ್ಲ. ದುರುಗೇಶನಿಗೆ ಫೋನ್ ಮಾಡಿ, "ನಾ ನಿನಗ ಕೆಟ್ಟದ್ದು ಮಾಡಿದೆ ಮಗನ" ಎಂದು ಅತ್ತಳು. ಅವನು, "ಆ ಹುಡುಗಿ ನನ್ನ ಫೋಟೋ ನೋಡೇ ಒಲ್ಲೆ ಅಂದಿರಬೇಕು ಬಿಡು" ಎಂದ. ಅವನಿಗೂ ಬೇಸರವಾಗಿತ್ತು, ಅದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು.

ಗದ್ದೆಮ್ಮನಿಗೆ ಕುಕ್ಕರ್ ಚಿಹ್ನೆ ಕೊಟ್ಟರು. ಮನೆಯಲ್ಲಿ ಕುಕ್ಕರ್ ಇರಲಿಲ್ಲ. ದುರ್ಗಾದೇವಿ ಅವಳನ್ನು ಒಂದು ದಿನ ಮನೆ ಮನೆಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ನಿಂತು ಗದ್ದೆಮ್ಮ ಅಂದದ್ದು ಇಷ್ಟೇ. "ನಾ ನಿಂತೀನಿ. ಹಾಕ್ರಿ ಅಂತ ಹ್ಯಾಂಗ ಕೇಳ್ಲಿ? ನಿಮಗ ತಿಳಿದದ್ದು ಮಾಡ್ರಿ."

"ಹಂಗಂದ್ರ ಯಾರು ಹಾಕ್ತಾರ ಅತ್ತಿ?" ದುರ್ಗಾದೇವಿ ದಾರಿಯುದ್ದಕ್ಕೂ ಜಗಳಾಡಿದಳು. "ಕೈ ಮುಗಿ. ದನಿ ಎತ್ತು."

"ನಾಚಿಕಿ ಬರ್ತದ ಹೋಗು."

ಮೌನಪ್ಪನಿಗೆ ನಾಚಿಕೆ ಇರಲಿಲ್ಲ. ಸವಾಲಿಗೆಂದು ಇಟ್ಟಿದ್ದ ರೊಕ್ಕದಲ್ಲಿ ಒಂದಿಷ್ಟು ತೆಗೆದು ಜೆಸಿಬಿ ತರಿಸಿದ. ಎರಡು ದಿನದಲ್ಲಿ ಮೇಲಿನ ಓಣಿಯಿಂದ ಹಳ್ಳದ ತನಕ ಗಟಾರ ತೋಡಿತು. ಕಟ್ಟಿದ್ದ ನೀರು ಹರಿದು ಹೋಗಿ, ಗದ್ದೆಮ್ಮನ ಮನೆಯ ಮುಂದೆ ಒಣ ಮಣ್ಣು ಕಂಡಿತು. ಓಣಿಯ ಹೆಂಗಸರು ಹೊರಗೆ ಬಂದು ನಿಂತು ನೋಡಿದರು. ಮೆಂಬರ್ ಆಗುವ ಮೊದಲೇ ಕೆಲಸ ಮಾಡಿಸಿದ ಪುಣ್ಯಾತ್ಮ ಎಂದು ಆಡಿಕೊಂಡರು. ಅವನ ಕೈಲಿ ಮಾಡಿಸಿದ್ದು ಯಾರು ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಹೇಳಲಿಲ್ಲವೋ, ಇರಲಿ.

ಮರುದಿನ ಮೌನಪ್ಪ ಹೆಂಡತಿಯನ್ನು ಮುಂದೆ ಮಾಡಿಕೊಂಡು, ಹಿಂದೆ ಹತ್ತು ಜನ ಹುಡುಗರನ್ನು ಕಟ್ಟಿಕೊಂಡು ಮನೆ ಮನೆಗೆ ಬಂದ. ಪ್ರತಿ ಬಾಗಿಲಲ್ಲೂ ಕೈ ಮುಗಿದು ಒಂದೇ ಮಾತು. ಕೈ ಮುಗಿದು ಮುಗಿದು ಅದೇ ಭರದಲ್ಲಿ ಗದ್ದೆಮ್ಮನ ಬಾಗಿಲಿಗೂ ಬಂದು ನಿಂತುಬಿಟ್ಟ. ಎದುರಿಗೆ ಯಾರೆಂದು ನೋಡುವಷ್ಟರಲ್ಲಿ ಅರ್ಧ ಮಾತು ಆಗಿಹೋಗಿತ್ತು. ಹುಡುಗರು ಕಿಸಕ್ಕನೆ ನಕ್ಕರು. ಮೌನಪ್ಪ ತೊದಲಿದ. ಆಮೇಲೆ ಭಂಡ ಧೈರ್ಯ ಮಾಡಿ, ಬಾಗಿ ಕೈ ಮುಗಿದೇ ಅಂದ, "ದೊಡ್ಡವ್ವ, ನಿಂದೂ ಒಂದು ವೋಟು ನಮಗಿರ್ಲಿ."

ಗದ್ದೆಮ್ಮ ಅವನನ್ನು ಒಂದು ಗಳಿಗೆ ನೋಡಿದಳು. ಗಟಾರದಿಂದ ತೆಗೆದ ಹಸಿ ಮಣ್ಣು ಅವನ ಬಿಳಿ ಚಪ್ಪಲಿಗೆ ಮೆತ್ತಿತ್ತು. "ಆತಪ್ಪ," ಎಂದಳು. "ಬಿಸಿಲಾಗ ಬಂದೀರಿ. ಕುಂದರ್ರಿ, ಮಜ್ಜಿಗಿ ಕುಡೀರಿ."

ಹತ್ತೂ ಜನಕ್ಕೆ ಮಜ್ಜಿಗೆ ಸಾಲದೆ ದುರ್ಗಾದೇವಿ ನೀರು ಬೆರೆಸಿದಳು. ಬೆರೆಸುವಾಗ ಬೈಯುತ್ತಲೇ ಇದ್ದಳು, ಅದೂ ಹೊರಗೆ ಕೇಳುವ ಹಾಗೆ.

ವೋಟಿನ ದಿನ ಕೆಳಗಿನ ಓಣಿ ಶಾಲೆಯ ಮುಂದೆ ಸಾಲು ಹಚ್ಚಿತು. ಹೊಸ ಸೀರೆ ಉಟ್ಟವರು ಬಹಳ ಜನ ಇದ್ದರು. ಆ ಸೀರೆಗಳು ಎಲ್ಲಿಂದ ಬಂದವು ಎಂದು ಕೇಳುವವರಿರಲಿಲ್ಲ, ಎಲ್ಲರ ಮೈಮೇಲೂ ಅವೇ ಇದ್ದವು. ಗದ್ದೆಮ್ಮ ಹಸಿರು ಸೀರೆ ಉಟ್ಟು ತನ್ನ ಸರದಿಗೆ ಕಾದಳು. ದುರುಗೇಶ ಒಂದು ದಿನದ ರಜೆ ಹಾಕಿ ಬಂದಿದ್ದ.

ಎಣಿಕೆ ದೇವದುರ್ಗದಲ್ಲಿ. ವೆಂಕಣ್ಣ ಹೋಗಿದ್ದ. ಅವನು ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು. ಮೇಲಿನ ಓಣಿಯಲ್ಲಿ ಪಟಾಕಿ ಹಾರುತ್ತಿದ್ದವು. ರಾಧಾ ಮಾನ್ವಿಯಿಂದ ಬಂದಿದ್ದಳು, ದುರುಗೇಶ ಮತ್ತೆ ಬಂದಿದ್ದ. ಎಲ್ಲರೂ ಉಣ್ಣಲು ಕೂತಿದ್ದರು.

"ಎಷ್ಟು ಬಿದ್ದಾವ?" ದುರ್ಗಾದೇವಿಯೇ ಕೇಳಿದಳು.

"ಆಕಿಗೆ ಮುನ್ನೂರಾ ಎಪ್ಪತ್ತು. ನಮಗ ಮೂವತ್ತೊಂದು." ವೆಂಕಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. "ಠೇವಣಿ ಸೈತ ಹೋತು. ಎಲ್ಲಾರ ಮುಂದ ಹೆಸರು ಓದಿದ್ರು. ತಲಿ ಎತ್ತಲಿಲ್ಲ ನಾ."

"ಮೂವತ್ತೊಂದು ಮಂದಿ ಹಾಕ್ಯಾರಂದ್ರ ಸಣ್ಣ ಮಾತೇನು?" ಎಂದ ದುರುಗೇಶ. "ಸೀರಿ ಉಟ್ಟು ಬಂದೂ ಹಾಕ್ಯಾರ."

ದುರ್ಗಾದೇವಿ ಗಂಡನ ತಾಟಿಗೆ ರೊಟ್ಟಿ ಹಾಕದೆ ಕೈಯಲ್ಲೇ ಹಿಡಿದುಕೊಂಡಳು. "ಖರೇ ಹೇಳ್ರಿ. ನೀವು ಯಾರಿಗೆ ಹಾಕಿದ್ರಿ?"

"ಏನಿದು ಪೊಲೀಸ್ ವಿಚಾರಣಿ?"

"ಹೇಳ್ರಿ."

ವೆಂಕಣ್ಣ ತಾಟಿನ ಅಂಚು ಮುಟ್ಟಿದ. "ಅನ್ನದ ಮ್ಯಾಲೆ ಆಣಿ, ಯವ್ವಗೇ ಹಾಕೀನಿ. ಬೈದೆ, ಜಗಳಾಡಿದೆ, ಎಲ್ಲಾ ಖರೇ. ಆದ್ರ ಒಳಗ ಹೋಗಿ ಆ ಚೀಟಿ ಮ್ಯಾಲೆ ನಮ್ಮವ್ವನ ಹೆಸರು ನೋಡಿದ ಮ್ಯಾಲೆ ಬ್ಯಾರೆ ಕಡಿ ಒತ್ತಾಕ ಕೈ ಬರಲಿಲ್ಲ." ಅವನ ಕಣ್ಣು ತುಂಬಿದ್ದವು. ದುರ್ಗಾದೇವಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು, ಮೇಲೆ ಇನ್ನೊಂದು ಹಾಕಿದಳು.

"ಹಂಗಾರ ಲೆಕ್ಕ ಹಿಡೀರಿ," ಎಂದ ದುರುಗೇಶ. "ನಮ್ಮ ಮನಿದೇ ನಾಕು ವೋಟು. ಅಣ್ಣ, ವೈನಿ, ನಾ, ಯವ್ವ. ಉಳಿದ ಇಪ್ಪತ್ತೇಳು—"

"ಮೂರು," ಎಂದಳು ಗದ್ದೆಮ್ಮ.

"ಏನು ಮೂರು?"

"ನಮ್ಮ ಮನಿವು ಮೂರು. ನಾ ಹುಲಿಗೆಮ್ಮಗ ಹಾಕೀನಿ."

ಊಟ ನಿಂತಿತು. ರಾಧಾಳ ಬಾಯಲ್ಲಿದ್ದ ತುತ್ತು ಹಾಗೇ ಉಳಿಯಿತು.

"ಯವ್ವಾ!" ವೆಂಕಣ್ಣ ಚೀರಿದ. "ಹತ್ತಿ ಹೋತು, ಊರ ಜೋಡಿ ಜಗಳ ಆತು, ಇವನ ಲಗ್ನ ಮುರೀತು, ನಾ ನಡಾ ಮುರ್ಕೊಂಡೆ. ಕಡೀಕ ನೀನೇ ನಿನಗ ಹಾಕ್ಲಿಲ್ಲ?"

"ಹ್ಯಾಂಗ ಹಾಕ್ಲಿ?" ಗದ್ದೆಮ್ಮನಿಗೂ ಸಿಟ್ಟು ಬಂತು. "ಮೌನಪ್ಪ ಬಾಗಿಲಿಗೆ ಬಂದು, ಕೈ ಮುಗಿದು, ನಿಂದೊಂದು ವೋಟು ಇರ್ಲಿ ದೊಡ್ಡವ್ವ ಅಂದ. ನಾ ಆತಪ್ಪ ಅಂದೆ. ಈ ದುರ್ಗಾದೇವಿ ಮುಂದೇ ಅಂದೀನಿ. ಹೂಂ ಅಂದು ಮಜ್ಜಿಗಿ ಕುಡಿಸಿ ಕಳಿಸಿದ ಮ್ಯಾಲೆ ಮಾತಿಗೆ ತಪ್ಪಲೇನು? ನಿಮ್ಮೊಳಗ ಒಬ್ಬರರ ನನ್ನ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ. ಅದು ನಿಜವೇ. ಎಲ್ಲರೂ ತಲೆ ತಗ್ಗಿಸಿ ಉಂಡರು. ಸ್ವಲ್ಪ ಹೊತ್ತಿನ ಮೇಲೆ ದುರುಗೇಶನ ಹೆಗಲು ಅಲುಗತೊಡಗಿದವು. ಅವನ ನಗು ರಾಧಾಳಿಗೆ ಅಂಟಿತು. ದುರ್ಗಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು. ವೆಂಕಣ್ಣ ಮಾತ್ರ ನಗಲಿಲ್ಲ. ಎದ್ದು, ಕೈ ತೊಳೆದು, ಹೊಸ್ತಿಲು ದಾಟಿ ಹೊರಗೆ ಹೋದ. ಮುನಿಸಿಕೊಂಡು ಹೋದ ಎಂದೇ ಎಲ್ಲರೂ ತಿಳಿದರು. ಅವನು ಅಂಗಳದಿಂದ ತಿರುಗಿ ಬಂದು ಬಾಗಿಲಲ್ಲಿ ನಿಂತ. ಎರಡೂ ಕೈ ಜೋಡಿಸಿದ.

"ಯವ್ವಾ, ಮುಂದಿನ ಸಲ ನಿಂದೊಂದು ವೋಟು ನಮಗಿರ್ಲಿ."

"ಐದು ವರ್ಷ ಅದ," ಎಂದಳು ಗದ್ದೆಮ್ಮ. "ಆವಾಗ ಬಂದು ಕೇಳು, ನೋಡ್ತೀನಿ."